ಮದರಾಸಿನಲ್ಲಿ ಹುಟ್ಟಿ ಹಿಮದ ಓಟಕ್ಕೆ ನಿಯಮ ಬರೆದವರು: ಸರ್ ಆರ್ನಾಲ್ಡ್ ಲನ್

ಕೊಯಾಲಿಯಲ್ಲಿ ನೆಲೆಸಿರುವ ನಮಗೆ ಹಿಮವೆಂದರೆ ಫ್ರಿಜ್ಜಿನ ಮೇಲಂಕಣದಲ್ಲಿ ಕಟ್ಟಿಕೊಳ್ಳುವ ಬಿಳಿಯ ಪದರವಷ್ಟೆ. ವೈಶಾಖದ ಬಿಸಿಲು ನಲವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ಈ ನಾಡಿನಲ್ಲಿ, ತೈಲ ಶುದ್ಧೀಕರಣಾಗಾರದ ಚಿಮಣಿಗಳನ್ನು ನೋಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಜನವರಿ ಎಂದರೆ ಉತ್ತರಾಯಣದ ಗಾಳಿಪಟ, ಎಳ್ಳು-ಬೆಲ್ಲ. ಆದರೂ ನಾಲ್ಕು ವರ್ಷಗಳಿಗೊಮ್ಮೆ ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ದೂರದರ್ಶನದ ಪರದೆಯ ಮೇಲೆ ಒಂದು ವಿಚಿತ್ರ ದೃಶ್ಯ ನಮ್ಮ ಮನೆಗಳಿಗೂ ಬರುತ್ತದೆ. ಕಡಿದಾದ ಹಿಮದಿಳಿಜಾರು. ಅದರ ಮೇಲೆ ಕೆಂಪು, ನೀಲಿ ಕಂಬಗಳ ಸಾಲು. ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡ ಆಟಗಾರ್ತಿಯೊಬ್ಬಳು ಕಂಬಗಳ ನಡುವೆ ಎಡಕ್ಕೂ ಬಲಕ್ಕೂ ಹಾವಿನಂತೆ ಹೊರಳುತ್ತ ಒಂದು ನಿಮಿಷದ ಆಸುಪಾಸಿನಲ್ಲಿ ಕೆಳಗೆ ತಲುಪಿಬಿಡುತ್ತಾಳೆ. ಇದಕ್ಕೆ ಸ್ಲಾಲಂ ಎಂದು ಹೆಸರು.

ಈ ಆಟವನ್ನು ಇಂದಿನ ರೂಪಕ್ಕೆ ತಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ನಾವು ಮೊದಲು ತಲುಪುವ ಊರು ಸ್ವಿಟ್ಜರ್ಲೆಂಡಿನದಲ್ಲ, ನಮ್ಮ ದಕ್ಷಿಣದ ಮದರಾಸು! ಹಿಮದ ಕಣವೂ ಬೀಳದ ಆ ಕಡಲ ತೀರದ ನಗರದಲ್ಲಿ 1888ರ ಏಪ್ರಿಲ್ 18ರಂದು ಆರ್ನಾಲ್ಡ್ ಲನ್ ಜನಿಸಿದರು. ಒಂದು ಕಾಲು ಕುಂಟಾದ ಮೇಲೆಯೇ ಈ ಮನುಷ್ಯ ಜಗತ್ತಿಗೆ ಅತ್ಯಂತ ಚುರುಕು ಕಾಲುಗಳ ಆಟವೊಂದನ್ನು ಕೊಟ್ಟರೆಂಬುದು ಅವರ ಬದುಕಿನ ಸೋಜಿಗ. ಅವರ ಜೀವನವನ್ನು ಓದುಗ ಬಾಂಧವರಿಗೆ ಪರಿಚಯಿಸುವುದು ನಮ್ಮ ಇಂದಿನ ಉದ್ದೇಶ.

ತಂದೆಯ ಪಯಣ, ಮಗನ ಹಿಮ

ಆರ್ನಾಲ್ಡರ ತಂದೆ ಹೆನ್ರಿ ಲನ್ ಅವರು ವೈದ್ಯರು, ಮೆಥಡಿಸ್ಟ್ ಪಂಥದ ಧರ್ಮೋಪದೇಶಕರು. 1887ರಲ್ಲಿ ಭಾರತಕ್ಕೆ ಬಂದ ಅವರ ಆರೋಗ್ಯಕ್ಕೆ ಇಲ್ಲಿನ ಹವೆ ಒಗ್ಗಲಿಲ್ಲ. ವರ್ಷ ತುಂಬುವಷ್ಟರಲ್ಲಿ, ಕೈಗೂಸನ್ನೆತ್ತಿಕೊಂಡು ಕುಟುಂಬ ಇಂಗ್ಲೆಂಡಿಗೆ ಹಿಂದಿರುಗಿತು. ಭಾರತದಲ್ಲಿ ಮಿಷನರಿಗಳು ನಡೆಸುತ್ತಿದ್ದ ಅನುಕೂಲಸ್ಥ ಜೀವನವನ್ನು ಹೆನ್ರಿ ಬಹಿರಂಗವಾಗಿ ಟೀಕಿಸಿದ್ದು ದೊಡ್ಡ ವಿವಾದವಾಯಿತು. ಕ್ರೈಸ್ತ ಪಂಥಗಳ ನಡುವೆ ಒಮ್ಮತ ಮೂಡಿಸಬೇಕೆಂಬ ಹಂಬಲದಿಂದ ಅವರು 1892ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್‌ನಲ್ಲಿ ಸಮಾವೇಶವೊಂದನ್ನು ಏರ್ಪಡಿಸಿದರು. ಒಮ್ಮತವೇನೋ ಕೈಗೂಡಲಿಲ್ಲ. ಆದರೆ ಜನರನ್ನು ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ದು, ತಂಗಿಸಿ, ಕ್ಷೇಮವಾಗಿ ಮರಳಿಸುವ ವಿದ್ಯೆ ಅವರಿಗೆ ಕರಗತವಾಯಿತು. ಹೀಗೆ ಧರ್ಮಪ್ರಚಾರಕರು ಪ್ರವಾಸ ವ್ಯವಸ್ಥಾಪಕರಾದರು. ಬೇಸಿಗೆಯಲ್ಲಷ್ಟೇ ಜನ ಹೋಗುತ್ತಿದ್ದ ಆಲ್ಪ್ಸ್ ತಾಣಗಳನ್ನು ಚಳಿಗಾಲದಲ್ಲಿಯೂ ತೆರೆಸಿದ ಶ್ರೇಯಸ್ಸಿನಲ್ಲಿ ಅವರಿಗೆ ದೊಡ್ಡ ಪಾಲಿದೆ.

1898ರಲ್ಲಿ, ಹತ್ತು ವರ್ಷದ ಬಾಲಕ ಆರ್ನಾಲ್ಡ್ ಫ್ರಾನ್ಸಿನ ಶಮೋನಿಯಲ್ಲಿ ಮೊದಲ ಬಾರಿ ಸ್ಕೀ ಹಲಗೆಗಳ ಮೇಲೆ ಕಾಲಿಟ್ಟರು. ಸ್ಕೀಯಿಂಗ್ ಆಗ ಮಧ್ಯ ಯುರೋಪಿಗೆ ಹೊಸತು. ನಾರ್ವೆಯ ರೈತರು ಶತಮಾನಗಳಿಂದ ಹಿಮದ ಬಯಲನ್ನು ದಾಟಲು ಬಳಸುತ್ತಿದ್ದ ಉಪಕರಣವನ್ನು ಆಲ್ಪ್ಸ್‌ನ ಕಡಿದಾದ ಇಳಿಜಾರುಗಳಿಗೆ ಹೊಂದಿಸಿಕೊಳ್ಳುವ ಪ್ರಯೋಗಗಳು ಅಲ್ಲಲ್ಲಿ ನಡೆಯುತ್ತಿದ್ದವು. ಹ್ಯಾರೋ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿಯೂ ಓದುತ್ತಿದ್ದ ಲನ್ ಅವರ ಮನಸ್ಸು ಪಠ್ಯಕ್ಕಿಂತ ಹೆಚ್ಚಾಗಿ ಪರ್ವತಗಳಲ್ಲಿಯೇ ಇರುತ್ತಿತ್ತು. ಪದವಿ ಪಡೆಯದೆಯೇ ಅವರು ಆಕ್ಸ್‌ಫರ್ಡ್ ಬಿಟ್ಟರು. ಆದರೆ 1908ರಲ್ಲಿಯೇ ಆಲ್ಪೈನ್ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದ್ದರು. 1909ರ ಜನವರಿಯಲ್ಲಿ ಜಿನೀವಾದ ಪ್ರಾಧ್ಯಾಪಕ ರೋಜೆ ಅವರೊಡನೆ ಬರ್ನೀಸ್ ಓಬರ್‌ಲ್ಯಾಂಡ್ ಪರ್ವತಶ್ರೇಣಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸ್ಕೀ ಮೇಲೆಯೇ ದಾಟಿದರು. ಆಗ ಅವರಿಗೆ ಇಪ್ಪತ್ತು ವರ್ಷ.

ಬಂಡೆಯಿಂದ ಬಿದ್ದ ದಿನ

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ವೇಲ್ಸ್ ಪ್ರಾಂತದ ಕಾಡರ್ ಇಡ್ರಿಸ್ ಬೆಟ್ಟದ ಬಂಡೆಯನ್ನು ಏರುತ್ತಿದ್ದಾಗ ಲನ್ ಜಾರಿ ಸುಮಾರು ನೂರು ಅಡಿ ಕೆಳಗೆ ಬಿದ್ದರು. ಬಲಗಾಲಿನ ಮೂಳೆ ನುಚ್ಚುನೂರಾಯಿತು. ಕಾಲನ್ನೇ ಕತ್ತರಿಸಬೇಕಾದೀತೆಂಬ ಭಯವಿತ್ತು. ಕೊನೆಗೆ ಕಾಲೇನೋ ಉಳಿಯಿತು. ಆದರೆ ಅದು ಇನ್ನೊಂದು ಕಾಲಿಗಿಂತ ಎರಡು-ಮೂರು ಅಂಗುಲ ಗಿಡ್ಡವಾಯಿತು. ಗಾಯವಂತೂ ವರ್ಷಗಟ್ಟಲೆ ಮಾಯಲಿಲ್ಲ.

ಇಪ್ಪತ್ತೊಂದರ ತರುಣನಿಗೆ, ಅದರಲ್ಲಿಯೂ ಪರ್ವತಗಳೇ ಪ್ರಾಣವಾಗಿದ್ದವನಿಗೆ ಇದಕ್ಕಿಂತ ದೊಡ್ಡ ಆಘಾತವೇನಿದ್ದೀತು? ಲನ್ ಮತ್ತೆ ಸ್ಕೀ ಕಟ್ಟಿಕೊಂಡರು. ನೋವಿನೊಡನೆಯೇ ಏರಿದರು, ನೋವಿನೊಡನೆಯೇ ಇಳಿದರು. ಅಪಘಾತವಾಗಿ ಎಂಟು ವರ್ಷಗಳಾದ ಮೇಲೆ, 1917ರ ಜೂನ್ ತಿಂಗಳಿನಲ್ಲಿ, ಪ್ರಸಿದ್ಧ ಮಾರ್ಗದರ್ಶಿ ಯೋಸೆಫ್ ಕ್ನೂಬೆಲ್ ಅವರೊಡನೆ 4,545 ಮೀಟರ್ ಎತ್ತರದ ಡೋಮ್ ಶಿಖರವನ್ನು ಮೊದಲ ಬಾರಿಗೆ ಸ್ಕೀ ಬಳಸಿ ಏರಿದರು. ಆದರೆ ಓಟದ ಸ್ಪರ್ಧೆಯಲ್ಲಿ ಅಗ್ರಗಣ್ಯನಾಗುವ ಬಾಗಿಲು ತನ್ನ ಪಾಲಿಗೆ ಮುಚ್ಚಿದೆ ಎಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಾನು ಗೆಲ್ಲಲಾಗದ ಓಟವನ್ನು ಇತರರು ನ್ಯಾಯವಾಗಿ ಗೆಲ್ಲುವಂತೆ ರೂಪಿಸುವುದಕ್ಕೆ ಅವರು ತಮ್ಮ ಉಳಿದ ಆಯುಷ್ಯವನ್ನು ಮುಡಿಪಾಗಿಟ್ಟರು.

ಅಪಘಾತವಾಗಿ ಎರಡು ವರ್ಷವೂ ತುಂಬುವ ಮುನ್ನ, 1911ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಮೊಂಟಾನಾದಲ್ಲಿ ಅವರು ಪರ್ವತದಿಂದ ಕೆಳಗಿಳಿಯುವ ಓಟವೊಂದನ್ನು ಏರ್ಪಡಿಸಿದರು. ಇಳಿಜಾರಿನ ಸ್ಕೀ ಸ್ಪರ್ಧೆಗಳ ಇತಿಹಾಸದಲ್ಲಿ ಇದಕ್ಕೆ ಮೊದಲ ಪಂಕ್ತಿಯ ಸ್ಥಾನವಿದೆ. ಅದರ ಪಾರಿತೋಷಕಕ್ಕೆ ಇಟ್ಟ ಹೆಸರು ರಾಬರ್ಟ್ಸ್ ಆಫ್ ಕಂದಹಾರ್. ಕಾನ್ಪುರದಲ್ಲಿ ಹುಟ್ಟಿದ ಸೇನಾನಿ ಲಾರ್ಡ್ ರಾಬರ್ಟ್ಸ್, 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ನಡೆಸಿದ ದಂಡಯಾತ್ರೆಯಿಂದಾಗಿ ಆ ಬಿರುದನ್ನು ಪಡೆದಿದ್ದರು. ಹೀಗೆ ಅಫಘಾನಿಸ್ತಾನದ ಊರೊಂದರ ಹೆಸರು, ಮಹಾಭಾರತದ ಗಾಂಧಾರವನ್ನು ನಮಗೆ ನೆನಪಿಸುವ ಹೆಸರು, ಆಲ್ಪ್ಸ್‌ನ ಹಿಮದಲ್ಲಿ ನೆಲೆಯೂರಿತು. ಮುಂದೆ 1924ರಲ್ಲಿ ಲನ್ ಸ್ಥಾಪಿಸಿದ ಸಂಸ್ಥೆಯೂ ಕಂದಹಾರ್ ಸ್ಕೀ ಕ್ಲಬ್ ಎಂದೇ ಹೆಸರಾಯಿತು.

ಗಡಿಯಾರವೇ ತೀರ್ಪುಗಾರ

ಬರ್ನೀಸ್ ಓಬರ್‌ಲ್ಯಾಂಡಿನಲ್ಲಿ ಸುಮಾರು 1,650 ಮೀಟರ್ ಎತ್ತರದ ಬಂಡೆಯಂಚಿನ ಮೇಲೆ ಮ್ಯೂರೆನ್ ಎಂಬ ಪುಟ್ಟ ಹಳ್ಳಿಯಿದೆ. ಎದುರಿಗೇ ಐಗರ್, ಮೋಂಖ್, ಯುಂಗ್‌ಫ್ರಾವ್ ಶಿಖರಗಳು. ಹೆನ್ರಿ ಲನ್ ಅವರ ಒತ್ತಾಯದಿಂದ 1910-11ರ ಚಳಿಗಾಲದಲ್ಲಿ ಇಲ್ಲಿಗೆ ರೈಲು ಓಡತೊಡಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, ಕಾಲಿನ ಊನದಿಂದಾಗಿ ಸೈನ್ಯಕ್ಕೆ ಸೇರಲಾಗದ ಆರ್ನಾಲ್ಡ್, ಸ್ವಿಟ್ಜರ್ಲೆಂಡಿಗೆ ವರ್ಗಾಯಿಸಲ್ಪಟ್ಟಿದ್ದ ಗಾಯಾಳು ಯುದ್ಧಕೈದಿಗಳ ನಡುವೆ ಇಲ್ಲಿ ಕೆಲಸ ಮಾಡಿದರು. ಯುದ್ಧದ ನಂತರ ಇದೇ ಹಳ್ಳಿ ಅವರ ಪ್ರಯೋಗಶಾಲೆಯಾಯಿತು.

ಸ್ಲಾಲಂ ಎಂಬುದು ನಾರ್ವೆಯ ಪದ. ಇಳಿಜಾರಿನಲ್ಲಿ ಮೂಡಿದ ಜಾಡು ಎಂದು ಅದರ ಅರ್ಥ. ಮರ, ಪೊದೆ, ದಿಣ್ಣೆಗಳ ನಡುವೆ ತಿರುವುಗಳನ್ನು ಹಾಕುತ್ತ ಇಳಿಯುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇತ್ತು. ಆದರೆ ತಿರುವಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ನೋಡುತ್ತಿದ್ದುದು ಶೈಲಿಯನ್ನು. ತಿರುವು ಎಷ್ಟು ಅಂದವಾಗಿತ್ತು, ಮೈ ಎಷ್ಟು ನೆಟ್ಟಗಿತ್ತು ಎಂಬುದಕ್ಕೆ ಅಂಕಗಳು. ಲನ್ ಇದನ್ನು ಒಪ್ಪಲಿಲ್ಲ. ಕಾಡಿನ ಮರಗಳ ನಡುವೆ ಇಳಿಯುವವನಿಗೆ ಬೇಕಾದದ್ದು ಬೇಗನೆ, ಬೀಳದೆ, ಡಿಕ್ಕಿ ಹೊಡೆಯದೆ ತಿರುಗುವ ಸಾಮರ್ಥ್ಯ. ಅಂದವೆಂಬುದು ಆ ಸಾಮರ್ಥ್ಯದ ಹಿಂದೆ ತಾನಾಗಿ ಬರತಕ್ಕದ್ದು ಎಂಬುದು ಅವರ ವಾದವಾಗಿತ್ತು. ಶೈಲಿಗೆ ಅಂಕ ಕೊಡುವಲ್ಲಿ ತೀರ್ಪುಗಾರನ ಅಭಿರುಚಿ, ಪರಿಚಯ, ದಾಕ್ಷಿಣ್ಯಗಳೆಲ್ಲ ನುಸುಳಬಹುದು. ಗಡಿಯಾರಕ್ಕೆ ದಾಕ್ಷಿಣ್ಯವಿಲ್ಲ.

ಅವರು ಕಂಡುಕೊಂಡ ಪರಿಹಾರ ಅತ್ಯಂತ ಸರಳ. ಇಳಿಜಾರಿನಲ್ಲಿ ಎರಡೆರಡು ಧ್ವಜಗಳನ್ನು ಜೋಡಿಯಾಗಿ ನೆಡುವುದು. ಪ್ರತಿ ಜೋಡಿಯೂ ಒಂದು ದ್ವಾರ. ಸ್ಪರ್ಧಿ ಎಲ್ಲ ದ್ವಾರಗಳ ಮೂಲಕವೂ ಹಾದು ಬರಬೇಕು. ಯಾರು ಕಡಿಮೆ ಸಮಯದಲ್ಲಿ ಕೆಳಗೆ ತಲುಪುವರೋ ಅವರೇ ವಿಜಯಿ. 1922ರ ಜನವರಿಯಲ್ಲಿ ಮ್ಯೂರೆನ್‌ನಲ್ಲಿ ಈ ನಿಯಮದಂತೆ ಸ್ಪರ್ಧೆ ನಡೆಯಿತು. ಇಂದಿನ ಒಲಿಂಪಿಕ್ಸ್‌ನಲ್ಲಿ ಧ್ವಜಗಳ ಬದಲು ಬಾಗುವ ಕಂಬಗಳಿವೆ. ಸ್ಪರ್ಧಿಗಳು ಬೇರೆ ಬೇರೆಯಾಗಿ ನೆಟ್ಟ ಎರಡು ಸಾಲುಗಳಲ್ಲಿ ಇಳಿಯುತ್ತಾರೆ. ಎರಡರ ಸಮಯವನ್ನೂ ಕೂಡಿಸಿ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಅಳೆಯುತ್ತಾರೆ. ಆದರೆ ಒಂದು ದ್ವಾರ ತಪ್ಪಿದರೂ ಸ್ಪರ್ಧೆಯಿಂದ ಹೊರಗೆ, ಉಳಿದದ್ದನ್ನು ಗಡಿಯಾರ ಹೇಳುತ್ತದೆ ಎಂಬ ತಿರುಳು ಅಂದಿನದೇ.

ನಮ್ಮ ಖೋ ಖೋ ಆಟದಲ್ಲಿ ಕುಳಿತವರ ನಡುವೆ ಸರಪಳಿಯಂತೆ ಹೊರಳುತ್ತ ಓಡುವ ಹುಡುಗಿಯನ್ನು ನೋಡಿದವರಿಗೆ ಸ್ಲಾಲಂನ ಸೊಗಸು ಬೇಗನೆ ಅರ್ಥವಾಗುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಲನ್ ಮ್ಯೂರೆನ್‌ನಲ್ಲಿ ಧ್ವಜಗಳನ್ನು ನೆಡುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ನೆರೆಯ ವಡೋದರದಲ್ಲಿ ದೇಸಿ ಆಟಗಳಿಗೆ ನಿಯಮ ರೂಪಿಸುವ ಕಾರ್ಯ ನಡೆದಿತ್ತು. 1923ರಲ್ಲಿ ಪರಿಷ್ಕೃತ ನಿಯಮಗಳಂತೆ ಕಬಡ್ಡಿಯ ಪಂದ್ಯಾವಳಿ ನಡೆದದ್ದು ಇಲ್ಲಿಯೇ. ಊರಿಗೊಂದು ರೀತಿಯಿದ್ದ ಆಟವನ್ನು ಎಲ್ಲ ಊರಿನವರೂ ಆಡುವಂತೆ ಮಾಡುವುದು ಎಂಥ ದೊಡ್ಡ ಕೆಲಸವೆಂಬುದನ್ನು ವಡೋದರದ ಕ್ರೀಡಾಪರಂಪರೆ ಬಲ್ಲವರಿಗೆ ನಾವು ಹೇಳಬೇಕಾಗಿಲ್ಲ.

ಒಪ್ಪದ ಜಗತ್ತು, ಒಪ್ಪಿಸಿದ ಛಲ

ನಿಯಮ ಬರೆದದ್ದು ಒಂದು ದಿನದ ಕೆಲಸವಾದರೆ ಅದನ್ನು ಒಪ್ಪಿಸಿದ್ದು ಎಂಟು ವರ್ಷಗಳ ಹೋರಾಟ. ಸ್ಕೀಯಿಂಗಿನ ತವರಾದ ನಾರ್ವೆಯವರ ದೃಷ್ಟಿಯಲ್ಲಿ ನಿಜವಾದ ಸ್ಕೀಪಟು ಬಯಲಿನಲ್ಲಿ ಮೈಲಿಗಟ್ಟಲೆ ಸಾಗಬಲ್ಲವನು, ಏರಬಲ್ಲವನು, ಎತ್ತರದಿಂದ ಜಿಗಿಯಬಲ್ಲವನು. ರೈಲಿನಲ್ಲಿ ಮೇಲೇರಿ ಕೆಳಗೆ ಜಾರುವುದು ಅವರಿಗೆ ಅರ್ಧ ಆಟವಾಗಿ ಕಂಡಿತು. ಹಿಮವೇ ಅಪರೂಪವಾದ ದೇಶದವನೊಬ್ಬ ತಮಗೆ ಸ್ಕೀ ಪಾಠ ಹೇಳುವುದೆಂದರೇನು ಎಂಬ ಮುನಿಸೂ ಇದ್ದಿರಬೇಕು. 1924ರಲ್ಲಿ ಶಮೋನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿಯಾಗಲಿ, 1928ರ ಸೇಂಟ್ ಮೊರಿಟ್ಜ್ ಕ್ರೀಡಾಕೂಟದಲ್ಲಿಯಾಗಲಿ ಇಳಿಜಾರಿನ ಓಟಗಳಿಗೆ ಎಡೆ ಸಿಗಲಿಲ್ಲ.

ಲನ್ ಎದೆಗುಂದಲಿಲ್ಲ. ವಾದಿಸುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಬ್ರಿಟಿಷ್ ಸ್ಕೀ ವಾರ್ಷಿಕ ಗ್ರಂಥವನ್ನು ಅವರು ಅರ್ಧ ಶತಮಾನದ ಕಾಲ ಸಂಪಾದಿಸಿದರು. ಸಂಚಿಕೆಯಿಂದ ಸಂಚಿಕೆಗೆ ತಮ್ಮ ವಾದವನ್ನು ಮಂಡಿಸಿದರು. ಬರಹದಷ್ಟೇ ಸ್ಪರ್ಧೆಗಳನ್ನೂ ನಡೆಸಿ ತೋರಿಸಿದರು. 1928ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಸೇಂಟ್ ಆಂಟನ್‌ನಲ್ಲಿ, ಆ ಕಾಲದ ಶ್ರೇಷ್ಠ ಸ್ಕೀ ಗುರುವೆನಿಸಿದ್ದ ಹಾನೆಸ್ ಶ್ನೈಡರ್ ಅವರೊಡಗೂಡಿ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆಯನ್ನು ಆರಂಭಿಸಿದರು. ಡೌನ್‌ಹಿಲ್ ಎಂಬ ವೇಗದ ಓಟ ಹಾಗೂ ಸ್ಲಾಲಂ ಎರಡನ್ನೂ ಜೋಡಿಸಿದ ಈ ಸ್ಪರ್ಧೆ ಬಲುಬೇಗ ಪ್ರತಿಷ್ಠೆ ಗಳಿಸಿತು. 1930ರಲ್ಲಿ, ನಾರ್ವೆಯ ರಾಜಧಾನಿ ಓಸ್ಲೋದಲ್ಲಿಯೇ ಸೇರಿದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಎರಡೂ ಸ್ಪರ್ಧೆಗಳಿಗೆ ಮಾನ್ಯತೆ ನೀಡಿತು. ವಿರೋಧಿಗಳ ಮನೆಯಂಗಳದಲ್ಲಿಯೇ ಗೆಲುವು ದೊರೆತಂತಾಯಿತು.

ಮರುವರ್ಷ, 1931ರ ಫೆಬ್ರುವರಿಯಲ್ಲಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ ಮ್ಯೂರೆನ್‌ನಲ್ಲಿ ನಡೆಯಿತು. ಪುರುಷರ ಸ್ಲಾಲಂನಲ್ಲಿ ಸ್ವಿಟ್ಜರ್ಲೆಂಡಿನ ಡೇವಿಡ್ ಝೋಗ್ ಗೆದ್ದರು. ಮಹಿಳೆಯರ ವಿಭಾಗದಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಹದಿನೇಳು ವರ್ಷದ ಎಸ್ಮೆ ಮ್ಯಾಕಿನನ್ ಎಂಬ ಹುಡುಗಿ ಸ್ಲಾಲಂ, ಡೌನ್‌ಹಿಲ್ ಎರಡನ್ನೂ ಗೆದ್ದು ಜಗತ್ತಿನ ಮೊದಲ ಮಹಿಳಾ ಸ್ಲಾಲಂ ಚಾಂಪಿಯನ್ ಎನಿಸಿದಳು. ಬಯಲು ಸ್ಕೀ ಓಟದಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್ ಪ್ರವೇಶ ದೊರೆತದ್ದು 1952ರಲ್ಲಿ. ಆದರೆ ಲನ್ ಅವರ ಸ್ಪರ್ಧೆಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಿಂದಲೇ ಹೆಣ್ಣುಮಕ್ಕಳಿಗೆ ಪುರುಷರ ಜೊತೆಗೇ ಸ್ಥಾನವಿತ್ತು. ಗಡಿಯಾರವನ್ನು ತೀರ್ಪುಗಾರನನ್ನಾಗಿ ಮಾಡಿದ ನ್ಯಾಯಬುದ್ಧಿಯ ಮುಂದುವರಿಕೆಯಾಗಿಯೇ ನಾವು ಇದನ್ನು ಕಾಣುತ್ತೇವೆ.

ಪದಕಕ್ಕಿಂತ ಮಿಗಿಲಾದದ್ದು

1936ರಲ್ಲಿ ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ ಇಳಿಜಾರಿನ ಸ್ಕೀಯಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು. ಡೌನ್‌ಹಿಲ್ ಮತ್ತು ಸ್ಲಾಲಂ ಎರಡರ ಫಲಿತಾಂಶವನ್ನೂ ಕೂಡಿಸಿ ಒಂದೇ ಪದಕ. ಜರ್ಮನಿಯ ಫ್ರಾಂಜ್ ಫ್ನ್ಯೂರ್ ಮತ್ತು ಕ್ರಿಸ್ಟಲ್ ಕ್ರಾಂಜ್ ಚಿನ್ನ ಗೆದ್ದರು. ಲನ್ ಅವರ ಜೀವಮಾನದ ಕನಸು ನನಸಾದ ಗಳಿಗೆಯದು. ಅವರ ಮಗ ಪೀಟರ್ ಲನ್ ಬ್ರಿಟಿಷ್ ತಂಡದ ನಾಯಕ. ಆದರೆ ಕ್ರೀಡಾಂಗಣದ ಸುತ್ತ ಹಾರಾಡುತ್ತಿದ್ದುದು ಹಿಟ್ಲರನ ಬಾವುಟ. ಆ ಆಡಳಿತದ ಮೇಲಿನ ಅಸಮ್ಮತಿಯಿಂದ ಪೀಟರ್ ಉದ್ಘಾಟನೆಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕಲಿಲ್ಲ. ಸ್ಪರ್ಧೆಯಲ್ಲಿ ಮಾತ್ರ ಪಾಲ್ಗೊಂಡರು.

ಎರಡು ವರ್ಷಗಳ ನಂತರ ತಂದೆಗೇ ಪರೀಕ್ಷೆ ಎದುರಾಯಿತು. 1938ರ ಮಾರ್ಚ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು ಆಕ್ರಮಿಸಿತು. ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆಗೆ ಸೇಂಟ್ ಆಂಟನ್ ಸಜ್ಜಾಗಿದ್ದ ಸಮಯವದು. ನಾಜಿಗಳ ವಿರೋಧಿಯೆಂದು ಹೆಸರಾಗಿದ್ದ ಹಾನೆಸ್ ಶ್ನೈಡರ್ ಅವರನ್ನು ಹೊಸ ಆಡಳಿತ ಬಂಧಿಸಿ ಸೆರೆಮನೆಗೆ ತಳ್ಳಿತು. ಆಯ್ಕೆ ಲನ್ ಅವರ ಮುಂದಿತ್ತು. ರಾಜಕೀಯ ಬೇರೆ, ಕ್ರೀಡೆ ಬೇರೆ ಎಂದು ಸುಮ್ಮನೆ ಸ್ಪರ್ಧೆ ನಡೆಸಬಹುದಿತ್ತು. ಸ್ಪರ್ಧಿಗಳು ಸಿದ್ಧರಿದ್ದರು, ಹಿಮವೂ ಸಿದ್ಧವಿತ್ತು. ಲನ್ ಸ್ಪರ್ಧೆಯನ್ನೇ ರದ್ದುಗೊಳಿಸಿದರು. ಗೆಳೆಯನನ್ನು ಸೆರೆಯಲ್ಲಿಟ್ಟವರ ನೆರಳಿನಲ್ಲಿ, ಆ ಗೆಳೆಯನೇ ಕಟ್ಟಿದ ಸ್ಪರ್ಧೆ ನಡೆಯಕೂಡದು ಎಂಬುದು ಅವರ ನಿಲುವಾಗಿತ್ತು. ತಾನೇ ನೀರೆರೆದ ಗಿಡದ ಆ ವರ್ಷದ ಫಲವನ್ನು ಅವರು ತಾನೇ ಕೈಬಿಟ್ಟರು. ಶ್ನೈಡರ್ ಮುಂದೆ ಬಿಡುಗಡೆಗೊಂಡು 1939ರಲ್ಲಿ ಅಮೆರಿಕವನ್ನು ಸೇರಿ, ಅಲ್ಲಿಯೂ ಸ್ಕೀ ಶಿಕ್ಷಣವನ್ನು ಬೆಳೆಸಿದರು. ಯುದ್ಧ ಮುಗಿದ ಮೇಲೆ ಆರ್ಲ್‌ಬರ್ಗ್-ಕಂದಹಾರ್ ಸೇಂಟ್ ಆಂಟನ್‌ಗೆ ಮರಳಿತು.

ಲನ್ ಅವರನ್ನು ದೋಷರಹಿತ ವ್ಯಕ್ತಿಯೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. 1913ರಲ್ಲಿ ಹ್ಯಾರೋ ಶಾಲೆಯ ಜೀವನವನ್ನು ಕುರಿತು ಅವರು ಬರೆದ ಕಾದಂಬರಿ ಹಳೆಯ ವಿದ್ಯಾರ್ಥಿಗಳ ಕೋಪಕ್ಕೆ ಗುರಿಯಾಯಿತು. ಮೊದಲು ಕ್ಯಾಥೊಲಿಕ್ ಮತವನ್ನು ತೀವ್ರವಾಗಿ ಟೀಕಿಸುತ್ತಿದ್ದ ಅವರು 1933ರಲ್ಲಿ ತಾವೇ ಆ ಮತವನ್ನು ಸೇರಿ ಅದರ ಪ್ರಬಲ ವಕ್ತಾರರಾದರು. ಹಿಟ್ಲರನನ್ನು ವಿರೋಧಿಸಿದ ಅವರೇ ಸ್ಪೇನಿನ ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೋ ಪರವಾಗಿ ಲೇಖನಿ ಹಿಡಿದರು. ಈ ವಿರೋಧಾಭಾಸ ಅವರ ಬದುಕಿನ ಭಾಗವೇ. ಅರವತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ಆ ವಾದಪ್ರಿಯರ ಎಲ್ಲ ವಾದಗಳೂ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಿಮದ ಮೇಲೆ ನೆಟ್ಟ ಧ್ವಜಗಳ ವಾದ ಮಾತ್ರ ಉಳಿಯಿತು.

ಗಿಡ ಮರವಾದಾಗ

1948ರಿಂದ ಒಲಿಂಪಿಕ್ಸ್‌ನಲ್ಲಿ ಸ್ಲಾಲಂಗೆ ಪ್ರತ್ಯೇಕ ಪದಕ ಬಂದಿತು. 1952ರಲ್ಲಿ ಬ್ರಿಟಿಷ್ ಸ್ಕೀಯಿಂಗ್‌ಗೂ ಸ್ವಿಸ್-ಬ್ರಿಟಿಷ್ ಬಾಂಧವ್ಯಕ್ಕೂ ಸಲ್ಲಿಸಿದ ಸೇವೆಗಾಗಿ ಲನ್ ಅವರಿಗೆ ಸರ್ ಪದವಿ ದೊರೆಯಿತು. 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಇಪ್ಪತ್ತು ವರ್ಷದ ಟೋನಿ ಸೈಲರ್ ಸ್ಲಾಲಂ, ಜೈಂಟ್ ಸ್ಲಾಲಂ, ಡೌನ್‌ಹಿಲ್ ಮೂರರಲ್ಲಿಯೂ ಚಿನ್ನ ಗೆದ್ದರು. ಸ್ಲಾಲಂನಲ್ಲಿ ಎರಡನೆಯವರಿಗಿಂತ ಅವರು ನಾಲ್ಕು ಸೆಕೆಂಡ್ ಮುಂದಿದ್ದರು. ಸೆಕೆಂಡಿನ ನೂರನೆಯ ಭಾಗದಲ್ಲಿ ಪದಕಗಳು ಕೈಬದಲಾಗುವ ಇಂದಿನ ಕಾಲದಲ್ಲಿ ಆ ಅಂತರ ನಂಬಲಸಾಧ್ಯವೆನಿಸುತ್ತದೆ. ಈ ಎಲ್ಲ ಬೆಳವಣಿಗೆಯನ್ನು ಕಣ್ಣಾರೆ ಕಂಡ ಲನ್ 1974ರ ಜೂನ್ 2ರಂದು ಲಂಡನ್ನಿನಲ್ಲಿ ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ನಿಧನರಾದರು. ಮ್ಯೂರೆನ್‌ನಲ್ಲಿ ಅವರ ಸ್ಮಾರಕಶಿಲೆಯಿದೆ. 1928ರಲ್ಲಿ ಅವರ ಕ್ಲಬ್ಬಿನವರು ಶಿಲ್ಟ್‌ಹಾರ್ನ್ ಶಿಖರದಿಂದ ಲೌಟರ್‌ಬ್ರುನೆನ್ ಕಣಿವೆಯವರೆಗೆ ನಡೆಸಿದ ಇನ್‌ಫರ್ನೊ ಓಟ ಇಂದಿಗೂ ಸಾವಿರಾರು ಹವ್ಯಾಸಿಗಳನ್ನು ಆ ಹಳ್ಳಿಗೆ ಸೆಳೆಯುತ್ತದೆ.

ಅವರು ಹುಟ್ಟಿದ ದೇಶಕ್ಕೂ ಈ ಆಟ ಬಂದಿತು. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಮೂಲದ ಜೆರೆಮಿ ಬುಯಾಕೋವ್‌ಸ್ಕಿ ಭಾರತದ ಪರವಾಗಿ ಹಿಮಕ್ಕಿಳಿದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಮೊದಲ ಹೆಜ್ಜೆಯದು. 1988ರ ಕ್ಯಾಲ್ಗರಿಯಲ್ಲಿ ಶೈಲಜಾ ಕುಮಾರ್ ಮಹಿಳೆಯರ ಸ್ಲಾಲಂ ಸ್ಪರ್ಧೆಯನ್ನು ಪೂರ್ಣಗೊಳಿಸಿ 28ನೆಯ ಸ್ಥಾನ ಪಡೆದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡ ಮೊದಲ ಭಾರತೀಯ ಮಹಿಳೆ ಅವರೇ. ಗುಲ್‌ಮಾರ್ಗ್‌ನ ಇಳಿಜಾರುಗಳಲ್ಲಿ ಬೆಳೆದ ಕಾಶ್ಮೀರದ ಆರಿಫ್ ಖಾನ್ 2022ರಲ್ಲಿ ಬೀಜಿಂಗ್‌ನಲ್ಲಿ ಸ್ಲಾಲಂ ಮತ್ತು ಜೈಂಟ್ ಸ್ಲಾಲಂ ಎರಡರಲ್ಲಿಯೂ ಸ್ಪರ್ಧಿಸಿದರು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ, ಸ್ಲಾಲಂನಲ್ಲಿ ಅಲ್ಲದಿದ್ದರೂ ಬಯಲು ಸ್ಕೀ ಓಟದಲ್ಲಿ, ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದು ಕಾಫಿ ತೋಟದ ನಾಡಿಗೂ ಹಿಮಕ್ಕೂ ನಂಟು ಬೆಸೆದಿದ್ದಾರೆ.

ಹುಟ್ಟಿದ ಊರನ್ನು ಬಿಟ್ಟು ಬಂದು ಮತ್ತೊಂದು ನೆಲದಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ, ಮದರಾಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿ ಸ್ವಿಟ್ಜರ್ಲೆಂಡಿನ ಹಳ್ಳಿಯಲ್ಲಿ ಹೆಸರು ಉಳಿಸಿದ ಈ ಮನುಷ್ಯ ತೀರ ಪರಕೀಯರೆನಿಸುವುದಿಲ್ಲ. ಅವರ ಕೊರಳಿಗೆ ವಿಶ್ವ ಚಾಂಪಿಯನ್ನರ ಪದಕ ಬೀಳಲಿಲ್ಲ. ಆದರೆ ಎಸ್ಮೆ ಮ್ಯಾಕಿನನ್‌ಳಿಂದ ಹಿಡಿದು ಇಂದಿನವರೆಗೆ ಸ್ಲಾಲಂನಲ್ಲಿ ಗೆದ್ದವರೆಲ್ಲರೂ ಹಾದು ಬಂದದ್ದು, ಗಿಡ್ಡಗಾಲಿನ ಆ ತರುಣ ಹಿಮದಲ್ಲಿ ನೆಟ್ಟ ದ್ವಾರಗಳ ಮೂಲಕವೇ. ಮುಂದಿನ ಚಳಿಗಾಲದ ಒಲಿಂಪಿಕ್ಸ್ ಬಂದಾಗ ನಮ್ಮ ಬಡಾವಣೆಯ ಮಕ್ಕಳಿಗೆ ಕೆಂಪು, ನೀಲಿ ಕಂಬಗಳ ಸಾಲನ್ನು ತೋರಿಸಿ ಹಿರಿಯರು ಈ ಕಥೆಯನ್ನು ಹೇಳಿದರೆ ನಮ್ಮ ಬರಹ ಸಾರ್ಥಕ.